ಬಳೆಗಾರ ಬಂದ ಹೊತ್ತು

ಮರೆವಿನ ಕಾಯಿಲೆಯವರ ಮನೆಗಳಲ್ಲೆಲ್ಲ ಇರುವಂತೆ ಗದಗಿನ ನೀಲವ್ವನ ಮನೆಯ ಗೋಡೆಗೂಡಿನಲ್ಲೂ ಒಂದು ಮಾತಿನ ಪೆಟ್ಟಿಗೆಯಿತ್ತು. ಮರೆವು ಹತ್ತುವ ಮೊದಲಿನ ನೀಲವ್ವ ತನ್ನ ದನಿ, ನೆನಪು, ಬುದ್ಧಿಯನ್ನೆಲ್ಲ ತುಂಬಿಟ್ಟು ಅದರೊಳಗೆ ಕೂತಿದ್ದಳು. ಔಷಧದ ವಿಷಯದಲ್ಲಿ ಅವಳದೇ ಕೊನೆಯ ಮಾತು.

“ಫಕೀರವ್ವಾ, ನೆನಪೈತಿಲ್ಲ?” ಎಂದು ಪೆಟ್ಟಿಗೆ, ಗುಳಿಗೆ ಹಿಡಿದು ಬಂದ ಗೆಳತಿಯನ್ನು ಎಂದಿನಂತೆ ಎಚ್ಚರಿಸಿತು. “ಬಳಿಗಾರ ಬಂದಾನ ಅಂದಾಗ ನಾ ನಗಲಿಲ್ಲಂದ್ರ, ಅವತ್ತಿಂದ ಗುಳಿಗಿ ಸಾಕು.”

ಗಂಡಂದಿರಿಂದ ಬಂದ ಎಚ್‌ಐವಿಗೆ ಇಬ್ಬರೂ ನೀಲವ್ವನ ಅತ್ತೆಯ ಕಣ್ಣು ತಪ್ಪಿಸಿ ಗುಳಿಗೆ ನುಂಗುತ್ತಿದ್ದ ಕಾಲದ ಗುಟ್ಟಿನ ಮಾತು ಅದು. ಬರಿಗೈಯ ಇಬ್ಬರು ವಿಧವೆಯರು ಬಳೆಗಾರ ಬಂದನೆಂದು ಹಿತ್ತಿಲಿಗೆ ಓಡುತ್ತಿದ್ದರು. ಗುಳಿಗೆಯ ನೀರು ನೆತ್ತಿಗೇರುವಷ್ಟು ನಗುತ್ತಿದ್ದರು.

“ನೀಲಾ, ಬಳಿಗಾರ ಬಂದಾನ ನೋಡವಾ,” ಎಂದಳು ಫಕೀರವ್ವ.

ನೀಲವ್ವ ನಗಲಿಲ್ಲ. ಫಕೀರವ್ವ ಮತ್ತೊಮ್ಮೆ ಹೇಳಿದಳು. ಗುಳಿಗೆ ಅವಳ ಅಂಗೈ ಬೆವರಿಗೆ ಅಂಟಿಕೊಂಡಿತು.

ಆಗ ನೀಲವ್ವ ಗಾಬರಿಯಿಂದ ಅವಳ ಕಿವಿಯ ಹತ್ತಿರ ಬಾಗಿದಳು. “ಮೆಲ್ಲಕ ಅನ್ನಬೇ! ಅತ್ತಿ ಕೇಳ್ಯಾಳು.”

ಅತ್ತೆ ತೀರಿಕೊಂಡು ಯಾವ ಕಾಲವಾಗಿತ್ತೋ.

“ಅತ್ತಿ ಸಂತಿಗೆ ಹೋಗ್ಯಾಳ. ಲಗೂನ ಬಾಯಿ ತಗಿ,” ಎಂದು ಫಕೀರವ್ವನೂ ಪಿಸುಗುಟ್ಟಿದಳು.

ಪೆಟ್ಟಿಗೆಯೊಳಗಿನ ನೀಲವ್ವ ಕಿಸಕ್ಕನೆ ನಕ್ಕಳು.