ಒಂದೇ ಉಸಿರು

ಗಾಜಿನಾಚೆಯ ಕೋಣೆಯಲ್ಲಿ ಸಂಗೀತ ಸಂಯೋಜಕಿ ಕುರಾಮೊಚಿ ಧ್ವನಿಮುದ್ರಣವನ್ನು ಕಣ್ಣು ಮುಚ್ಚಿ ಕೇಳುತ್ತಿದ್ದರು. ಈಚೆ, ಮೈಕಿನೆದುರು ಟ್ಯೂಬಾ ಎಂಬ ದೊಡ್ಡ ಹಿತ್ತಾಳೆ ಕಹಳೆಯನ್ನು ತಬ್ಬಿಕೊಂಡು ಕೂತಿದ್ದ ಸೆಗಾವಾ ನೆಲ ನೋಡುತ್ತಿದ್ದ. ಕುರಾಮೊಚಿಯವರ ಹೊಸ ಕೃತಿಯ ಒಂದು ಉದ್ದನೆಯ ಸಾಲನ್ನು ನುಡಿಸುವಾಗ ನಡುವೆ ಅವನು ಉಸಿರೆಳೆದುಕೊಂಡಿದ್ದ. ಅವರು ಬರುವ ಮೊದಲೇ ತಂತ್ರಜ್ಞ ಹೊರಿಕೊಮೆ ಆ ಉಸಿರಿನ ಸದ್ದನ್ನು ಮುದ್ರಣದಿಂದ ಕತ್ತರಿಸಿ, ಹೊಲಿಗೆ ಕಾಣದಂತೆ ಜೋಡಿಸಿದ್ದ. "ಎಲ್ರೂ ಮಾಡೋದೇ ಬಿಡಿ, ಸೆಗಾವಾ ಸಾನ್. ನಿಮ್ಮ ಉಸಿರು ಹಳೇ ರೈಲಿದ್ದ ಹಾಗಿದೆ. ಡಿಸ್ಕ್ ಕೊಂಡೋರು ಅದನ್ಯಾಕೆ ಕೇಳ್ಬೇಕು?" ಎಂದು ನಕ್ಕಿದ್ದ.

ಕುರಾಮೊಚಿಯವರ ಖುಷಿಯ ದನಿ ಸೆಗಾವಾನ ಹೆಡ್‌ಫೋನಿನಲ್ಲಿ ಕೇಳಿಸಿತು. "ಕಷ್ಟ ಆಗತ್ತೇಂತ ನಾನೇ ಅಲ್ಲಿ ಉಸಿರಿನ ಗುರುತು ಹಾಕಿದ್ದೆ. ಬೇಕಾಗಿಲ್ಲಾಂತ ತೋರಿಸಿಬಿಟ್ರಿ!" ಸ್ವರಲಿಪಿಯ ಹಾಳೆಯಲ್ಲಿ ಉಸಿರಿನ ಗುರುತಾಗಿದ್ದ ಪುಟ್ಟ ಅಲ್ಪವಿರಾಮವನ್ನು ಅವರು ರಬ್ಬರಿನಿಂದ ಉಜ್ಜತೊಡಗಿದರು. "ಅಚ್ಚಿಗೆ ಹೀಗೇ ಹೋಗ್ಲಿ. ವಸಂತದ ಸ್ಪರ್ಧೆಗೂ ಇದೇ ಕೃತಿ. ನಿಮ್ಮ ಚಿನಾತ್ಸುನೂ ನುಡಿಸ್ತಾಳಲ್ವಾ? ಅಪ್ಪನ ಹಾಗೇ, ಒಂದೇ ಉಸಿರಲ್ಲಿ!"

ಉಸಿರಿನ ಗುರುತಿದ್ದಾಗಲೇ ಮಗಳು ಮೊನ್ನೆ ಈ ಸಾಲಿನ ಕೊನೆಗೆ ಕಣ್ಣು ಕತ್ತಲಿಟ್ಟು ಗೋಡೆ ಹಿಡಿದು ನಿಂತಿದ್ದಳು. ಗಾಜಿನಾಚೆ ಹೊರಿಕೊಮೆ, ಹೇಳಬೇಡವೆಂಬಂತೆ ತಲೆಯಾಡಿಸಿದ.

"ಸೆನ್ಸೇ..." ಎಂದು ಗುರುವನ್ನು ಕರೆವಂತೆ ಕರೆದ ಸೆಗಾವಾ, ಮುಂದಿನ ಮಾತಿಗೆಂದು ಉಸಿರೆಳೆದುಕೊಂಡ. ಮೈಕು ಇನ್ನೂ ತೆರೆದೇ ಇತ್ತು. ಮುದ್ರಣದ ಆ ಸಾಲಿನಲ್ಲಿ ಎಲ್ಲೂ ಕೇಳಿಸದಿದ್ದ ಆ ಉಸಿರು ಆಚೆಯ ಸ್ಪೀಕರುಗಳ ತುಂಬ ಹಳೇ ರೈಲಿನಂತೆ ಹಾದುಹೋಯಿತು.

ರಬ್ಬರು ಹಿಡಿದ ಕುರಾಮೊಚಿಯವರ ಕೈ ನಿಂತಿತು.