ಒಬ್ಬರು, ಇಪ್ಪತ್ತು ನಿಮಿಷ

“ಇದನ್ನ ಎತ್ತಬಹುದಾ?” ಎಂದು ಕೇಳಿದ ಟೀಚರಮ್ಮ ಉತ್ತರಕ್ಕೂ ಕಾಯದೆ ಹೊಳೆಯೊಳಗಿನ ಕಲ್ಲನ್ನು ಎತ್ತಿಯೇಬಿಟ್ಟರು. ಕಲ್ಲಿನ ತಳದಲ್ಲಿ ಕಡಲೆಕಾಳಿನಷ್ಟು ದೊಡ್ಡ ಆರು ಬಸವನಹುಳುಗಳು ಅಂಟಿಕೊಂಡಿದ್ದವು. “ಅಯ್ಯೋ, ನೋಡ್ರೀ ಇಲ್ಲಿ! ಮನೆ ತುಂಬ ಮಕ್ಕಳು!”

ದಡದಲ್ಲಿ ನಿಂತಿದ್ದ ಮ್ಯಾನೇಜರ್ ಹಲ್ಲು ಬಿಟ್ಟರು. ಟೀಚರಮ್ಮನಿಗೆ ಖುಷಿಯಾದಷ್ಟೂ ಒಳ್ಳೆಯದೇ. ಮೂವತ್ತೈದು ವರ್ಷ ವಿಜ್ಞಾನ ಪಾಠ ಮಾಡಿ ನಿವೃತ್ತರಾದ ಅವರು ಈಗ ಶಿಕ್ಷಕರ ಪಿಂಚಣಿ ನಿಧಿಯ ಅಧ್ಯಕ್ಷೆ. ಮೇಲಿನ ಗುಡ್ಡದಲ್ಲಿ ವಿರಳ ಲೋಹದ ಗಣಿ ತೆರೆಯಲು ಕಂಪನಿಗೆ ಆ ನಿಧಿಯ ಹಣ ಬೇಕಿತ್ತು. ವಿದ್ಯುತ್ ಕಾರಿಗೂ ಗಾಳಿಯಂತ್ರಕ್ಕೂ ಬೇಕಾದ ಆಯಸ್ಕಾಂತಕ್ಕೆ ಅದೇ ಲೋಹ. ಇಷ್ಟು ದಿನ ಹೊರದೇಶದಿಂದ ತರಿಸುತ್ತಿದ್ದರು. ಹಣ ಕೊಡೋಣ, ಆದರೆ ಹೊಳೆ ಕೆಡಬಾರದು ಎಂದು ಟೀಚರಮ್ಮ ತಾವೇ ಕೂತು ಷರತ್ತು ಬರೆದಿದ್ದರು: ತಿಂಗಳಿಗೊಮ್ಮೆ, ಅದೇ ತಾರೀಖು, ಅದೇ ಹತ್ತು ಜಾಗ, ಬಸವನಹುಳು ಎಣಿಸಬೇಕು. ಎಣಿಕೆ ಎಂಬತ್ತಕ್ಕಿಂತ ಕೆಳಗಿಳಿದರೆ ಕೆಲಸ ನಿಲ್ಲಬೇಕು. ಗಣಿಗೆ ಮುಂಚಿನ ಎರಡು ವರ್ಷದ ಎಣಿಕೆಯಲ್ಲಿ ಇವತ್ತಿನದೇ ಕೊನೆಯದು. ಇದೊಂದು ಸರಿಯಾಗಿ ಬಂದರೆ ಸಹಿ.

ಎಣಿಸುವವಳನ್ನು ಕೆಲಸದವರೆಲ್ಲ ‘ಹುಳದಕ್ಕ’ ಎನ್ನುತ್ತಿದ್ದರು. ಇಪ್ಪತ್ತಮೂರು ತಿಂಗಳೂ ಅವಳ ಎಣಿಕೆ ನೂರಹತ್ತರ ಆಸುಪಾಸಿನಲ್ಲೇ ಇತ್ತು. ಗಣಿ ಬಂದರೆ ಅವಳ ಕೆಲಸ ಖಾಯಂ, ಬರದಿದ್ದರೆ ನಾಳೆಯಿಂದ ಮನೆ. ಮನೆಯಲ್ಲಿ ಶಾಲೆಗೆ ಹೋಗುವ ಇಬ್ಬರು. “ಮೊದಲು ಎಣಿಸಿಬಿಡ್ತೀನಿ ಸಾರ್, ಆಮೇಲೆ ತೋರಿಸ್ತೀನಿ” ಎಂದು ಬೆಳಗ್ಗೆಯೇ ಹೇಳಿದ್ದಳು. “ಅಷ್ಟು ದೂರದಿಂದ ಬಂದವರನ್ನ ದಡದಲ್ಲಿ ನಿಲ್ಲಿಸ್ತೀಯೇನಮ್ಮಾ?” ಎಂದು ಮ್ಯಾನೇಜರ್ ಬಾಯಿ ಮುಚ್ಚಿಸಿದ್ದರು.

“ಹೇಳಮ್ಮಾ ನೋಡೋಣ,” ಟೀಚರಮ್ಮನ ದನಿ ತರಗತಿಗೆ ಮರಳಿತ್ತು, “ಮೀನು ಬಿಟ್ಟು ಇದನ್ನೇ ಯಾಕೆ ಎಣಿಸ್ಬೇಕು?”

“ಮೀನಿಗೆ ನೀರು ಹಿಡಿಸ್ಲಿಲ್ಲ ಅಂದ್ರೆ ಬಾಲ ಅಲ್ಲಾಡಿಸ್ಕೊಂಡು ಹೊರಟುಹೋಗುತ್ತೆ ಮೇಡಂ. ಇವು ಎಲ್ಲಿಗೆ ಹೋಗ್ತವೆ? ಮನೆ ಬೆನ್ನ ಮೇಲಿದ್ರೂ ಊರು ಬಿಡೋಕಾಗಲ್ಲ.”

“ನೂರಕ್ಕೆ ನೂರು!” ಎಂದು ಟೀಚರಮ್ಮ ಮುಂದಿನ ಕಲ್ಲಿಗೆ ಕೈ ಹಾಕಿದರು. ಆಮೇಲೆ ಅದರ ಮುಂದಿನದಕ್ಕೆ. ನೋಡಿದ ಕಲ್ಲನ್ನು ಕೈಗೆ ಬಂದಂತೆ ನೀರಿಗೆ ಬಿಡುತ್ತಿದ್ದರು. ಒಂದು ಮಗ್ಗುಲಾಗಿ, ಇನ್ನೊಂದು ತಲೆಕೆಳಗಾಗಿ. ಪಾದದ ಸುತ್ತ ನೀರು ಚಹಾದ ಬಣ್ಣಕ್ಕೆ ತಿರುಗಿತು. ಹುಳದಕ್ಕ ಎರಡು ಸಲ ಬಾಯಿ ತೆರೆದಳು. ಎರಡು ಸಲವೂ ಮ್ಯಾನೇಜರ್ ಕಣ್ಣಲ್ಲೇ ತಡೆದರು.

ಟೀಚರಮ್ಮ ದಡ ಹತ್ತಿದ ಮೇಲೆ ಅವಳು, ಎಣಿಸುವ ಜಾಗದ ಅಳತೆಗೆ ಇಡುವ ಕಬ್ಬಿಣದ ಚೌಕಟ್ಟು ಹಿಡಿದು ನೀರಿಗಿಳಿದಳು. ಮೇಲಿನ ಐದು ಜಾಗದಲ್ಲಿ ಎಂದಿನಂತೆ ಐವತ್ತೆಂಟು ಸಿಕ್ಕವು. ಟೀಚರಮ್ಮ ಓಡಾಡಿದ ಕೆಳಗಿನ ಐದರಲ್ಲಿ ಹದಿಮೂರು. ಒಂದು ಚೌಕದಲ್ಲಂತೂ ಒಂದೂ ಇರಲಿಲ್ಲ. ಅವಳು ಮತ್ತೆ ಬಗ್ಗಿ, ಬೆರಳಿನಿಂದ ಸವರಿ ನೋಡಿದಳು. ಒಟ್ಟು ಎಪ್ಪತ್ತೊಂದು.

ಮ್ಯಾನೇಜರ್ ನೀರಿನಂಚಿಗೆ ಬಂದು ದನಿ ತಗ್ಗಿಸಿದರು. “ನೂರಹತ್ತು ಅಂತ ಬರಿ. ಸುಳ್ಳೇನಲ್ಲ, ಬೆಳಗ್ಗೆ ಅಷ್ಟಿದ್ವು ತಾನೇ?”

ಹುಳದಕ್ಕನ ಪೆನ್ಸಿಲ್ ಪುಸ್ತಕದ ಮೇಲೆ ನಿಂತಲ್ಲೇ ನಿಂತಿತು. ಬೆಳಗ್ಗೆ ಅಷ್ಟಿದ್ದವು ಎನ್ನುವುದು ಅವಳಿಗೂ ಗೊತ್ತು. ಆದರೆ ಬೆಳಗ್ಗೆ ಅವಳು ಎಣಿಸಿರಲಿಲ್ಲ. ಏಳು ಬರೆದಳು, ಪಕ್ಕದಲ್ಲಿ ಒಂದು ಬರೆದಳು.

ಮ್ಯಾನೇಜರ್ ಮುಖ ಸಣ್ಣದಾಯಿತು. “ಮೇಡಂ, ನಾಳೆ ಇನ್ನೊಂದ್ಸಲ ಎಣಿಸಿದ್ರೆ ಹೇಗೆ?”

“ಒಂದೇ ದಿನ, ಒಂದೇ ಸಲ. ಬರೆದೋಳು ನಾನೇ ಕಣ್ರೀ” ಎಂದು ಟೀಚರಮ್ಮ ಪುಸ್ತಕಕ್ಕೆ ಇಣುಕಿದರು. ಎಪ್ಪತ್ತೊಂದನ್ನು ನೋಡಿದರು, ಅದರ ಮೇಲಿನ ಇಪ್ಪತ್ತಮೂರು ಸಂಖ್ಯೆಗಳನ್ನು ನೋಡಿದರು, ಆಮೇಲೆ ಇನ್ನೂ ತಿಳಿಯಾಗದ ನೀರನ್ನು ನೋಡಿದರು. ಸಂಖ್ಯೆಯ ಪಕ್ಕದ ಖಾನೆಯಲ್ಲಿ ‘ಇಳಿದಿದ್ದರೆ ಕಾರಣ’ ಎಂದಿತ್ತು. ಹುಳದಕ್ಕ ಅಲ್ಲಿ ಏನೂ ಬರೆದಿರಲಿಲ್ಲ.

“ಕೊಡು ಇಲ್ಲಿ” ಎಂದು ಟೀಚರಮ್ಮ ಪೆನ್ಸಿಲ್ ತೆಗೆದುಕೊಂಡರು. ಕಪ್ಪುಹಲಗೆಯ ಮೇಲೆ ಬರೆದಷ್ಟೇ ದುಂಡಗೆ ಬರೆದರು: ‘ನೋಡಲು ಬಂದವರು ಒಬ್ಬರು. ನೀರಿನಲ್ಲಿದ್ದದ್ದು ಇಪ್ಪತ್ತು ನಿಮಿಷ. ಬರಿಗಾಲು.’

ಬರೆದದ್ದನ್ನು ತಾವೇ ಒಮ್ಮೆ ಓದಿಕೊಂಡು ಕೇಳಿದರು, “ಗಣಿಗೆ ಎಷ್ಟು ಜನ ಬರ್ತಾರೆ ಅಂದ್ರಿ?”

“ಮುನ್ನೂರು ಮೇಡಂ.”

“ದಾರಿ?”

“ಸದ್ಯಕ್ಕೆ ಇಲ್ಲೇ, ಹೊಳೆ ದಾಟ್ಕೊಂಡು. ಸೇತುವೆ ಎರಡನೇ ವರ್ಷಕ್ಕೆ ಇಟ್ಕೊಂಡಿದೀವಿ.”

“ಹಾಗಿದ್ರೆ ಮೊದಲು ಸೇತುವೆ ಆಗ್ಲಿ. ಸಹಿ ಆಮೇಲೆ.” ಅವರು ಪುಸ್ತಕವನ್ನು ಹುಳದಕ್ಕನ ಕೈಗಿಟ್ಟರು. “ಅಲ್ಲೀವರೆಗೂ ಇವಳ ಎಣಿಕೆ ಒಂದು ತಿಂಗಳೂ ತಪ್ಪಬಾರದು.”

ಆಚೆ ದಡದ ಕಚೇರಿಯಲ್ಲಿ ಊಟ ಕಾಯುತ್ತಿತ್ತು. ಟೀಚರಮ್ಮ ಚಪ್ಪಲಿ ಕೈಯಲ್ಲಿ ಹಿಡಿದು ನೀರಿನವರೆಗೆ ಬಂದವರು ಅಲ್ಲೇ ನಿಂತುಬಿಟ್ಟರು. “ಬೇರೆ ದಾರಿ ಇದ್ಯೇನಮ್ಮಾ?”

“ಮೇಲ್ಗಡೆ ಕಾಲು ನೆನೀದೆ ದಾಟೋಕೆ ಬಂಡೆ ಇದೆ ಮೇಡಂ, ನಾನು ಅಲ್ಲಿಂದಾನೇ ಬರೋದು. ಅರ್ಧ ಗಂಟೆ ನಡೀಬೇಕಾಗುತ್ತೆ.”

“ನಡಿ.”

ಇಬ್ಬರೂ ದಡದ ಗುಂಟ ಹೊರಟರು. ತಿರುವಿನಲ್ಲಿ ಹುಳದಕ್ಕ ಹಿಂದಿರುಗಿ ನೋಡಿದಳು. ದಿನಾ ದಾಟುವ ಅಭ್ಯಾಸಬಲದಿಂದ ಮ್ಯಾನೇಜರ್ ಗಂಬೂಟಿನ ಒಂದು ಕಾಲನ್ನು ನೀರಿನ ಮೇಲೆ ಎತ್ತಿದ್ದರು. ಎಲ್ಲಿಡಬೇಕೆಂದು ತೋಚದೆ ಅದು ಹಾಗೇ ಗಾಳಿಯಲ್ಲಿತ್ತು.