ಹಳದಿ ಅಂಗಿಯ ಸವಾರ

ಲೋರ್ಕನ್ ಬಿದ್ದ. ಡಿಂಪ್ನಾಳ ಹೊಟ್ಟೆ ತಣ್ಣಗಾಯಿತು.

ದಿನದ ಎರಡನೇ ರೇಸು. ಬೇಲಿ ಹಾರುವಾಗ ಯಾರದೋ ಕುದುರೆ ಮುಗ್ಗರಿಸಿ, ಅವನು ಭುಜ ಕೊಟ್ಟು ನೆಲಕ್ಕೆ ಅಪ್ಪಳಿಸಿದ್ದ. ಏನು ಬಂತು? ಎದ್ದೇಬಿಟ್ಟ. ಹುಲ್ಲು ಕೊಡವಿಕೊಂಡ, ಇಳಿಜಾರಿನ ಮೇಲಿದ್ದ ಜನಕ್ಕೆ ಕೈಬೀಸಿ ಡಾಕ್ಟರ ಕಾರು ಹತ್ತಿದ.

"ಗಟ್ಟಿ ಪಿಂಡ," ಎಂದ ಬೇಲಿ ಕಾಯುವ ಮುದುಕ ನೆಡ್.

"ಕುತ್ತಿಗೆ ಮುರ್ಕೊಂಡಿದ್ರೆ ಚರ್ಚಲ್ಲಿ ಮೇಣದಬತ್ತಿ ಹಚ್ತಿದ್ದೆ."

"ಥೂ, ನಿನ್ನ ಬಾಯಿಗಿಷ್ಟು! ಅವ್ನಿಗೂ ಒಬ್ಳು ತಾಯಿ ಇದಾಳೆ ಕಣೆ."

"ಇರ್ಲಿ. ಅಳ್ಲಿ."

ಸುಮ್ಮನೆ ಬಂದ ಸಿಟ್ಟಲ್ಲ ಅದು. ಕಾಪರ್ ಕೆಟಲ್ ಎಂಬ ಕೆಂಪು ಕುದುರೆ ಅವಳ ಲಾಯದಲ್ಲೇ ಹುಟ್ಟಿದ್ದು. ತಾಯಿ ಸತ್ತ ಮರಿಗೆ ಬಾಟಲಿಯಲ್ಲಿ ಹಾಲು ಕುಡಿಸಿ ಬದುಕಿಸಿದವಳು ಇವಳು. ಅದರ ಬೆನ್ನ ಮೇಲೆ ಮೊದಲು ಕೂತವನು ಇವಳ ಮಗ ಫಿಂಟನ್. ಅದನ್ನು ಕೊಳ್ಳುವಾಗ ಈಗಿನ ಒಡೆಯ ಎದೆ ಮುಟ್ಟಿಕೊಂಡು ಹೇಳಿದ್ದ, ಹಬ್ಬದ ದೊಡ್ಡ ರೇಸಿಗೆ ನಿನ್ನ ಮಗನೇ ಸವಾರ ಎಂದು. ಕುದುರೆ ಗೆಲ್ಲತೊಡಗಿದ್ದೇ ತಡ, ಆ ಮಾತು ಗಾಳಿಗೆ ಹೋಯಿತು. ಜೀನು ಪಕ್ಕದೂರಿನ ಲೋರ್ಕನ್ ಪಾಲಾಯಿತು. ಅವನು ಇರುವ ತನಕ ಫಿಂಟನ್‌ಗೆ ಆ ಕುದುರೆ ಇಲ್ಲ. ಡಿಂಪ್ನಾಳ ತಲೆಯಲ್ಲಿ ಹಗಲೂ ರಾತ್ರಿ ಅದೊಂದೇ.

ಮಗನೋ, ಮೆತ್ತನೆಯ ಪ್ರಾಣಿ. ಬೆಳಗ್ಗೆ ಜೀನು ಕಂಕುಳಲ್ಲಿ ಇಟ್ಟುಕೊಂಡು ಅವಳ ಹಿಂದೆಯೇ ಹೊರಟಿದ್ದ.

"ಇವತ್ತೂ ನಂಗೆ ಸವಾರಿ ಇಲ್ಲಮ್ಮ. ನಿನ್ ಜೊತೆನೇ ನಿಂತು ನೋಡ್ತೀನಿ."

"ನನ್ನ ಸೆರಗು ಹಿಡ್ಕೊಂಡು ಏನ್ ಕಿಸೀತೀಯೋ? ಹೋಗು, ಸವಾರರ ಕೋಣೆ ಹತ್ರ ಇರು. ದೊಡ್ಡವ್ರ ಕಣ್ಣಿಗೆ ಬೀಳ್ತಾ ಇರು."

ಹೋಗಿದ್ದ. ಅಮ್ಮನ ಮಾತು ಮೀರಿ ಗೊತ್ತಿಲ್ಲದ ಹುಡುಗ.

ಏಪ್ರಿಲ್ ಕೊನೆಯ ಈ ರೇಸಿನ ಹಬ್ಬಕ್ಕೆ ಕಿಲ್ಡೇರ್ ಸೀಮೆಯಲ್ಲಿ ಮನೆಯಲ್ಲಿ ಉಳಿಯುವವರು ಎಂದರೆ ಹಾಸಿಗೆ ಹಿಡಿದವರು ಮಾತ್ರ. ಪಾದ್ರಿ ಬಂದಿದ್ದ, ಪಾದ್ರಿಯ ಹಲ್ಲಿನ ಡಾಕ್ಟರೂ ಬಂದಿದ್ದ. ಎಲ್ಲರೂ ಮೇಲೆ ಪ್ರೇಕ್ಷಕರ ಮಂಟಪದ ಬಳಿ ಗ್ಲಾಸು ಹಿಡಿದು ನಿಂತಿದ್ದರೆ, ಡಿಂಪ್ನಾ ಮಾತ್ರ ಇಳಿಜಾರಿನ ಕೆಳಗಿನ ಈ ದೂರದ ಬೇಲಿಗೆ ಬಂದಿದ್ದಳು. ಮೇಲೆ ಹೋದರೆ ಆ ಒಡೆಯನ ಮೂತಿ ನೋಡಬೇಕು. ಇಲ್ಲಿ ಅದಿಲ್ಲ. ಧ್ವನಿವರ್ಧಕದ ಮಾತು ಕೂಡ ಗಾಳಿಯಲ್ಲಿ ಗೊರಗೊರ ಅನ್ನುತ್ತಿತ್ತು, ಅಷ್ಟೆ.

ದೊಡ್ಡ ರೇಸು ಶುರುವಾಯಿತು.

ಇಲ್ಲಿಯವರು ಸವಾರನ ಮುಖ ನೋಡುವುದಿಲ್ಲ, ಬಣ್ಣ ನೋಡುತ್ತಾರೆ. ಒಡೆಯನಿಗೆ ಒಂದು ಬಣ್ಣ. ಅವನ ಕುದುರೆ ಹತ್ತಿದವನಿಗೂ ಅದೇ. ಕೆಟಲ್‌ನ ಬೆನ್ನ ಮೇಲೆ ಹಳದಿ ಅಂಗಿ, ಕರಿ ಟೋಪಿ ಕಂಡದ್ದೇ ಡಿಂಪ್ನಾ ಹಲ್ಲು ಕಡಿದಳು.

"ಬಂದ ನೋಡು ನಿನ್ನ ಗಟ್ಟಿ ಪಿಂಡ. ಬೀಳೋ, ಹಾಳಾದೋನೆ, ಬೀಳೋ!"

ಬಿದ್ದ.

ಕೆಟಲ್ ಬೇಲಿಗೆ ಎದೆ ತಾಗಿಸಿ ಉರುಳಿತು, ಎದ್ದಿತು, ಲಗಾಮು ಎಳೆದುಕೊಂಡು ನಾಲ್ಕು ಹೆಜ್ಜೆ ಹೋಗಿ ನಡುಗುತ್ತ ನಿಂತಿತು. ಹಳದಿ ಅಂಗಿ ಏಳಲಿಲ್ಲ. ಗೊರಸುಗಳು ತುಳಿದು ಕಲಸಿದ್ದ ಕೆಸರಿನಲ್ಲಿ ಬೋರಲು ಬಿದ್ದಿತ್ತು. ಹಿಂದಿನ ಬೇಲಿಯಲ್ಲಿ ಇನ್ನೊಬ್ಬ ಬಿದ್ದಿದ್ದರಿಂದ ಡಾಕ್ಟರ ಕಾರು ಅಲ್ಲೇ ನಿಂತಿತ್ತು.

ನೆಡ್ ಬಾವುಟ ಹಿಡಿದು ಓಡುತ್ತಲೇ ಕೂಗಿದ: "ಡಿಂಪ್ನಾ, ಒಳಗೆ ಬಾ! ಅವನ ಮುಖ ಕೆಸರಿಂದ ಎತ್ತು, ಉಸಿರು ಕಟ್ತದೆ! ಎರಡನೇ ಸುತ್ತಿಗೆ ಎಲ್ಲಾ ಮತ್ತೆ ಇಲ್ಲೇ ಬರ್ತಾರೆ, ನಾನು ಬೇಲಿಗೆ ಅಡ್ಡ ಹಾಕ್ಬೇಕು!"

ಅವಳು ಹಗ್ಗ ದಾಟಿದಳು. ಬಿದ್ದವನ ಪಕ್ಕದಲ್ಲೇ ಹಾದಳು. ಅವನ ಬೆರಳು ಒಂದು ಸಲ ಹುಲ್ಲು ಕೆರೆದದ್ದು ಅವಳಿಗೆ ಕಂಡಿತು. ಚೆನ್ನಾಗಿಯೇ ಕಂಡಿತು. ಅವಳು ನಿಲ್ಲಲಿಲ್ಲ. ನೇರ ಕುದುರೆಯ ಬಳಿಗೆ ಹೋದಳು.

"ಬಾ ನನ್ನ ಬಂಗಾರ, ಬಾ ಕಂದ." ನಾಲ್ಕೂ ಕಾಲು ಸವರಿ ನೋಡಿದಳು. ಏನೂ ಆಗಿಲ್ಲ. ಅದರ ಕುತ್ತಿಗೆಗೆ ಮುಖ ಒತ್ತಿ, ಬೆನ್ನು ಆ ಕಡೆಗೆ ಮಾಡಿ ನಿಂತುಬಿಟ್ಟಳು. ಕುದುರೆ ಉಳಿಯಿತು, ಸವಾರ ಹೋದ. ಇನ್ನು ಯಾರನ್ನು ಕರೆಯುತ್ತಾರೆ? ನನ್ನ ಮಗನನ್ನೇ ಕರೆಯಬೇಕು.

ಕಾರು ಬಂತು. ಓಡುವ ಹೆಜ್ಜೆ, ಕೂಗಾಟ. ಆಮೇಲೆ ಬಿದ್ದವನ ಸುತ್ತ ಹಸಿರು ಪರದೆ ಎದ್ದಿತು. ಆ ಪರದೆ ಎದ್ದರೆ ಏನೆಂದು ಇಲ್ಲಿ ಮಕ್ಕಳಿಗೂ ಗೊತ್ತು. ಮೇಲಿನಿಂದ ನೋಡುತ್ತಿದ್ದವರೆಲ್ಲ ಟೋಪಿ ತೆಗೆದರು.

ಪರದೆಯೊಳಗಿಂದ ಆಂಬುಲೆನ್ಸಿನ ಹುಡುಗಿ ಹೊರಬಂದಳು. ಮೊಣಕೈತನಕ ಕೆಸರು, ಕಣ್ಣು ಕೆಂಪು.

"ಮೊದ್ಲು ಹತ್ರ ಇದ್ದಿದ್ದು ನೀವೇನಾ? ಒಂದು ಮೂಳೆನೂ ಮುರಿದಿಲ್ಲ ಕಣ್ರೀ. ಬರೀ ಪ್ರಜ್ಞೆ ತಪ್ಪಿತ್ತು. ತಲೆ ಒಂಚೂರು ತಿರುಗ್ಸಿದ್ರೆ ಸಾಕಿತ್ತು, ಬದುಕ್ತಿದ್ದ."

"ಕುದ್ರೆ ಓಡಿಹೋಗ್ತಿತ್ತಮ್ಮ. ಮೂಕ ಪ್ರಾಣಿ, ಅದನ್ನೂ ನೋಡ್ಬೇಕಲ್ಲ," ಎಂದಳು ಡಿಂಪ್ನಾ. ದನಿ ಎಷ್ಟು ಬೇಕೋ ಅಷ್ಟೇ ಕುಗ್ಗಿಸಿದಳು. ಫಿಂಟನ್‌ಗೆ ಸುದ್ದಿ ಹೇಗೆ ಹೇಳಲಿ ಎಂದು ಆಗಲೇ ಯೋಚಿಸುತ್ತಿದ್ದಳು. ಅಳುತ್ತಾನೆ ಪೆದ್ದ. ಅತ್ತು ಮುಗಿಸಲಿ.

ಅಷ್ಟರಲ್ಲಿ ಇಳಿಜಾರಿನ ಮೇಲಿನಿಂದ ಒಬ್ಬ ಎದ್ದೆನೋ ಬಿದ್ದೆನೋ ಎಂದು ಓಡಿಬಂದ. ಮೈಮೇಲೆ ಮಾಮೂಲಿ ಕೋಟು. ಬಲಗೈ ಕೊರಳಿಗೆ ಕಟ್ಟಿದ ಬಟ್ಟೆಯಲ್ಲಿ ತೂಗುತ್ತಿತ್ತು. ಲೋರ್ಕನ್.

ಡಿಂಪ್ನಾ ಅವನನ್ನು ನೋಡಿದಳು. ಪರದೆ ನೋಡಿದಳು. ಮತ್ತೆ ಅವನನ್ನು ನೋಡಿದಳು.

"ಭುಜ ಮುರಿದಿದೆ ಅಂತ ಡಾಕ್ಟ್ರು ನನ್ನ ಬಿಡ್ಲಿಲ್ಲ, ನಾನೇ ಒಡೆಯನ ಕಾಲು ಹಿಡಿದು ಅವನಿಗೆ ಸವಾರಿ ಕೊಡ್ಸಿದೆ," ಎಂದು ಬಿಕ್ಕಿದ ಲೋರ್ಕನ್. "ನೀವ್ಯಾಕೆ ಕುದ್ರೆ ಹಿಡ್ಕೊಂಡು ಇಲ್ಲಿ ನಿಂತಿದೀರಿ? ಒಳಗೆ ಹೋಗ್ರಮ್ಮ, ಫಿಂಟನ್ ಹತ್ರ ಹೋಗ್ರಿ!"